ಸಂದಿನಲ್ಲಿ ಕಾಣುವ ಕಸುಬು

ಅಮೆರಿಕದ ಅಟ್ಲಾಂಟಾದಲ್ಲಿ ವರ್ಷಕ್ಕೊಮ್ಮೆ ಬ್ಲೇಡ್ ಶೋ ಎಂಬ ಚಾಕುಗಳ ಮೇಳ ನಡೆಯುತ್ತದೆ. ಸಾಲು ಸಾಲು ಮೇಜುಗಳು, ಅವುಗಳ ಹಿಂದೆ ಚಾಕು ಮಾಡಿದವರೇ ನಿಂತಿರುತ್ತಾರೆ. ಅಲ್ಲಿ ಕಣ್ಣನ್ನು ಮೊದಲು ಸೆಳೆಯುವುದು ಹಿಡಿಗೆ ಕಲ್ಲು ಕೂರಿಸಿದ ಮಡಚುವ ಚಾಕುಗಳು. ಅಂಗೈಯಲ್ಲಿ ಅಡಗುವಷ್ಟು ಜಾಗದಲ್ಲಿ ಆಕಾಶನೀಲಿ ಪಿರೋಜ, ಹೊಂಬಣ್ಣದ ಚುಕ್ಕೆಗಳಿರುವ ಕಡುನೀಲಿ ಲ್ಯಾಪಿಸ್, ಹಸಿರು ಪಟ್ಟೆಯ ಮ್ಯಾಲಕೈಟ್, ಇಟ್ಟಿಗೆಗೆಂಪು ಜ್ಯಾಸ್ಪರ್, ಮುತ್ತಿನ ಚಿಪ್ಪು. ಅಂಥದೊಂದು ಚಾಕು ಕೈಗೆ ಬಂದರೆ ಹೊಸಬರು ಅದನ್ನು ಬೆಳಕಿಗೆ ಹಿಡಿದು ಕಲ್ಲಿನ ಬಣ್ಣ ನೋಡುತ್ತಾರೆ. ಕಸುಬು ಬಲ್ಲವರು ಮೊದಲು ಅದನ್ನು ಬಿಚ್ಚಿ ಮಡಚುತ್ತಾರೆ. ಆ ಸದ್ದಿಗೆ ಕಿವಿಗೊಡುತ್ತಾರೆ. ಅಲಗನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಲುಗಿಸುತ್ತಾರೆ. ಕಲ್ಲಿನ ಸರದಿ ಆಮೇಲೆ. ಈ ಕ್ರಮವೇ ಸರಿಯಾದದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಏಕೆ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು.

ಮಡಚುವ ಚಾಕು ಒಂದು ಚಿಕ್ಕ ಯಂತ್ರ. ಅಲಗು, ಅದು ತಿರುಗುವ ಕೀಲು, ಎರಡೂ ಬದಿಯಲ್ಲಿ ಲೈನರ್ ಎಂಬ ಒಳತಗಡು, ಬೆನ್ನಿಗೆ ಸ್ಪ್ರಿಂಗು ಅಥವಾ ಬೀಗ, ತುದಿಗಳಲ್ಲಿ ಬೋಲ್‌ಸ್ಟರ್ ಎಂಬ ಲೋಹದ ಕಟ್ಟು, ಮೇಲೆ ಹಿಡಿಯ ಹೊದಿಕೆ. ಕಲ್ಲು ಕೂರುವುದು ಈ ಹೊದಿಕೆಯಲ್ಲಿ. ಮಿಕ್ಕದ್ದೆಲ್ಲ ಕೆಲಸ ಮಾಡುವ ಭಾಗ. ಹಳೆಯ ಬಗೆಯ ಚಾಕುವಿಗೆ ಬೀಗವಿರುವುದಿಲ್ಲ, ಬೆನ್ನಿನ ಸ್ಪ್ರಿಂಗಿನ ಒತ್ತಡವೇ ಅಲಗನ್ನು ತಡೆದು ಹಿಡಿಯುತ್ತದೆ. ಅದನ್ನು ಪೂರ್ತಿ ಬಿಚ್ಚಿದಾಗ, ಅರ್ಧಕ್ಕೆ ನಿಲ್ಲಿಸಿದಾಗ, ಪೂರ್ತಿ ಮಡಚಿದಾಗ, ಈ ಮೂರೂ ಸ್ಥಿತಿಯಲ್ಲಿ ಬೆನ್ನ ಮೇಲೆ ಬೆರಳಾಡಿಸಿ ನೋಡಬೇಕು. ಸ್ಪ್ರಿಂಗು ತಗಡಿಗಿಂತ ಮೇಲೆದ್ದಿರಬಾರದು, ಒಳಗೆ ಕುಸಿದಿರಲೂಬಾರದು. ಮೂರು ಸ್ಥಿತಿಯಲ್ಲೂ ಸಮ ಬರಬೇಕಾದರೆ ಅಲಗಿನ ಬುಡದ ಮೂರು ಮುಖಗಳನ್ನು ಅರದಿಂದ ಕೂದಲೆಳೆಯಷ್ಟೇ ಉಜ್ಜಿ, ಜೋಡಿಸಿ, ಬಿಚ್ಚಿ, ಮತ್ತೆ ಉಜ್ಜಬೇಕಾಗುತ್ತದೆ. ಒಂದು ಮುಖ ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಈ ಕೆಲಸ ಫೋಟೋದಲ್ಲಿ ಕಾಣುವುದಿಲ್ಲ, ಕೈಗೆ ಸಿಕ್ಕ ಕ್ಷಣದಲ್ಲಿ ಬೆರಳಿಗೆ ತಿಳಿಯುತ್ತದೆ.

ಬೀಗವಿರುವ ಚಾಕುವಿನಲ್ಲಿ ನೋಡುವುದು ಬೇರೆ. ನ್ಯೂ ಮೆಕ್ಸಿಕೋದ ಟಾವೋಸ್‌ನ ಮೈಕಲ್ ವಾಕರ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಲೈನರ್‌ಲಾಕ್ ಇವತ್ತು ಜಗತ್ತಿನ ತುಂಬ ಬಳಕೆಯಲ್ಲಿದೆ. ಅಲಗು ಬಿಚ್ಚಿಕೊಂಡ ಕೂಡಲೇ ಒಳತಗಡಿನಿಂದಲೇ ಸೀಳಿ ತೆಗೆದ ಎಲೆಯೊಂದು ಅದರ ಬುಡದ ಹಿಂದೆ ಸರಿದು ನಿಲ್ಲುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಎಲ್ಲ ಇದೆ. ಬುಡದ ಅಂಚಿಗೆ ತಾಕಿಯೂ ತಾಕದಂತೆ ನಿಂತರೆ ಬೀಗ ಜಾರಿ ಬೆರಳು ಕತ್ತರಿಸೀತು. ಆಚೆ ಬದಿಯವರೆಗೂ ಸರಿದು ನಿಂತರೆ ಮುಂದೆ ಸವೆತಕ್ಕೆ ಜಾಗವೇ ಉಳಿಯುವುದಿಲ್ಲ. ಮಡಚಿದಾಗ ಅಲಗು ಎರಡು ತಗಡುಗಳ ನಟ್ಟನಡುವೆ ಮಲಗಿರಬೇಕು, ಯಾವ ಬದಿಯನ್ನೂ ಉಜ್ಜಬಾರದು. ಲೋಹವನ್ನು ಒಡವೆಯ ನಾಜೂಕಿನಲ್ಲಿ ಅಲಂಕರಿಸಿದವರೂ ವಾಕರ್ ಅವರೇ. ಅಲಂಕಾರಕ್ಕೆ ಕೈಹಾಕಿದ ಆ ವ್ಯಕ್ತಿಯೇ ಬೀಗದ ಬಗ್ಗೆಯೂ ಅಷ್ಟು ತಲೆಕೆಡಿಸಿಕೊಂಡರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮೊದಲು ಕೆಲಸವನ್ನು ನೋಡುವ ಈ ಕ್ರಮವನ್ನೇ ಪರೀಕ್ಷೆಯಾಗಿ ಮಾಡಿಕೊಂಡವರೂ ಇದ್ದಾರೆ. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಕುಲುಮೆಗಾರರ ಸಂಘ 1976ರಲ್ಲಿ ಶುರುವಾಯಿತು. ಮೈಮೇಲೆ ಅಲೆಗೆರೆಗಳು ಮೂಡುವ ಡಮಾಸ್ಕಸ್ ಉಕ್ಕಿನ ಚಾಕುಗಳನ್ನು 1973ರಲ್ಲಿ ಪ್ರದರ್ಶಿಸಿ ಆ ವಿದ್ಯೆಗೆ ಅಮೆರಿಕದಲ್ಲಿ ಹೊಸ ಜೀವ ಕೊಟ್ಟ ಬಿಲ್ ಮೊರಾನ್ ಅದರ ಸ್ಥಾಪಕರಲ್ಲಿ ಪ್ರಮುಖರು. ಆ ಸಂಘದಲ್ಲಿ ಜರ್ನಿಮನ್ ಸ್ಮಿತ್ ಎಂಬ ಪದವಿ ಬೇಕಾದವರು ತಾವೇ ಬಡಿದು ಮಾಡಿದ ಚಾಕುವಿನಿಂದ ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಆಮೇಲೆ ಮರದ ತುಂಡನ್ನು ಕಡಿಯಬೇಕು. ಕಡಿದ ಮೇಲೂ ಅದೇ ಬಾಯಿ ಕೈಮೇಲಿನ ಕೂದಲನ್ನು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸಿನಲ್ಲಿ ಕಚ್ಚಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಇಷ್ಟೆಲ್ಲ ಆದ ಮೇಲೆ ಆ ಚಾಕು ಮುಗಿಯಿತು. ಅಭ್ಯರ್ಥಿ ಮಾಡಿ ತಂದ ಬೇರೆ ಐದು ಚಾಕುಗಳ ಅಂದಚೆಂದ, ಜೋಡಣೆಗಳನ್ನು ತೀರ್ಪುಗಾರರು ನೋಡುವುದು ಇದಾದ ನಂತರ. ಮೊದಲು ಕೆಲಸ, ಆಮೇಲೆ ಅಂದ.

ಕಲ್ಲು ಕೂರಿಸಿದ ಮಡಚುವ ಚಾಕುವಿಗೆ ಇಂಥ ಪರೀಕ್ಷೆ ಒಡ್ಡುವಂತಿಲ್ಲ. ಬಗ್ಗಿಸಿದರೆ ಕಲ್ಲು ಸಿಡಿಯುತ್ತದೆ. ಅಲಗಿಗೆ ಹದ ಸರಿಯಾಗಿ ಕೊಟ್ಟಿದ್ದಾರೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಮಡಚುವ ಚಾಕುವಿನ ಉಕ್ಕು ಸಾಮಾನ್ಯವಾಗಿ ರಾಕ್‌ವೆಲ್ ಮಾಪನದಲ್ಲಿ 58ರಿಂದ 61ರ ಗಡಸುತನಕ್ಕೆ ಬಂದಿರುತ್ತದೆ. ಡಮಾಸ್ಕಸ್ ಅಲಗಿನ ಅಲೆಗೆರೆಗಳು ಎಷ್ಟೇ ಸೊಗಸಾಗಿದ್ದರೂ ಆ ಗಡಸುತನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಮಾಡಿದವರನ್ನೇ ಕೇಳಬೇಕು. ಕಾಣದ್ದು ಇಷ್ಟೊಂದು ಇರುವಾಗ ಕಾಣುವ ಕೆಲಸವನ್ನು ಬಹಳ ಹತ್ತಿರದಿಂದ ನೋಡಬೇಕಾಗುತ್ತದೆ. ಬೀಗ, ಕೀಲು, ಅಲಗಿನ ಎರಡೂ ಬದಿಯ ಸಾಣೆಗೆರೆ ಒಂದೇ ಜಾಗದಲ್ಲಿ ನಿಂತಿದೆಯೇ ಎಂಬ ಲೆಕ್ಕ, ಇವುಗಳಲ್ಲಿ ಶ್ರದ್ಧೆ ಕಂಡರೆ ಕಾಣದ ಹದದಲ್ಲೂ ಅದು ಇದ್ದೀತು ಎಂದು ನಂಬಲು ಆಧಾರ ಸಿಗುತ್ತದೆ.

ಈಗ ಕಲ್ಲಿಗೆ ಬರೋಣ. ಈ ಕಲೆಯ ತವರು ಅಮೆರಿಕದ ನೈಋತ್ಯ ಭಾಗ, ನ್ಯೂ ಮೆಕ್ಸಿಕೋ ಮತ್ತು ಅರಿಝೋನಾ. ಅಲ್ಲಿನ ಮೂಲನಿವಾಸಿಗಳು ಪಿರೋಜವನ್ನು ಸಾವಿರ ವರ್ಷಕ್ಕೂ ಮೊದಲಿನಿಂದ ಕೊಯ್ದು, ಉಜ್ಜಿ, ಕೂರಿಸುತ್ತ ಬಂದವರು. ಚಾಕೋ ಕಣಿವೆಯ ಪ್ವೆಬ್ಲೋ ಬೊನಿಟೋ ಎಂಬ ಹಳೆಯ ಕಲ್ಲುಮನೆಗಳ ಊರಿನಲ್ಲಿ 19ನೇ ಶತಮಾನದ ಕೊನೆಯಲ್ಲಿ ಅಗೆದಾಗ ಜೆಟ್ ಎಂಬ ಕರಿಗಲ್ಲಿನಲ್ಲಿ ಕಡೆದ ಒಂದು ಕಪ್ಪೆ ಸಿಕ್ಕಿತು. ಅದರ ಕಣ್ಣುಗಳು ಪಿರೋಜದವು. ಲೋಹದ ಉಪಕರಣವಿಲ್ಲದ ಕಾಲದಲ್ಲಿ, ಮರಳುಗಲ್ಲಿನ ಮೇಲೆ ಉಜ್ಜಿ ಉಜ್ಜಿ ಆಕಾರಕ್ಕೆ ತಂದ ಕೆಲಸ. ಚಿಪ್ಪಿನ ಮೇಲೆ ಮರದ ಅಂಟಿನಿಂದ ಕಲ್ಲುಚೂರುಗಳನ್ನು ಜೋಡಿಸುವ ರೂಢಿಯೂ ಅಲ್ಲಿ ಹಳೆಯದು. ಬೆಳ್ಳಿಯ ಕೆಲಸ ಬಂದ ಮೇಲೆ ಅವರಲ್ಲೊಂದು ಕುಲವಾದ ಝೂನಿ ಜನ ತೆಳುವಾದ ಬೆಳ್ಳಿ ಪಟ್ಟಿಗಳಿಂದ ಗೂಡುಗಳನ್ನು ಮಾಡಿ, ಪ್ರತಿ ಗೂಡಿಗೂ ಅಳತೆಗೆ ಕೊಯ್ದ ಕಲ್ಲು ಕೂರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜುವ ವಿಧಾನವನ್ನು ಬೆಳೆಸಿದರು. ಅದೇ ವಿದ್ಯೆ ಒಡವೆಯಿಂದ ಚಾಕುವಿನ ಹಿಡಿಗೆ ದಾಟಿತು. ನವಾಹೋ ಕಲಾವಿದ ಡೇವಿಡ್ ಯೆಲ್ಲೋಹಾರ್ಸ್ ಬಕ್ ಕಂಪನಿಯ ಮಡಚುವ ಚಾಕುಗಳಿಗೆ ಕೂರಿಸಿದ ಕಲ್ಲುಗಳು ಸಂಗ್ರಹಕಾರರ ನಡುವೆ ಅವರ ಹೆಸರಿನಿಂದಲೇ ಗುರುತಾಗುತ್ತವೆ.

ಕೆಲಸದ ಕ್ರಮ ಹೇಳುವುದಕ್ಕೆ ಸುಲಭ. ಹೊದಿಕೆಯಲ್ಲಿ ತಗ್ಗು ತೋಡಬೇಕು. ವಜ್ರದ ಪುಡಿ ಹಾಕಿದ ಚಕ್ರದಲ್ಲಿ ನೀರು ಹರಿಸುತ್ತ ಕಲ್ಲನ್ನು ಹಲಗೆಯಾಗಿ ಕೊಯ್ಯಬೇಕು. ಒಂದೊಂದು ತುಂಡನ್ನೂ ಪಕ್ಕದ ತುಂಡಿಗೆ ಹೊಂದುವಂತೆ ಅಂಚು ತಿದ್ದಬೇಕು. ನಡುವೆ ಹಿತ್ತಾಳೆ, ಬೆಳ್ಳಿ ಅಥವಾ ನಿಕಲ್ ಸಿಲ್ವರ್ ಪಟ್ಟಿ ನಿಲ್ಲಿಸಿ ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಒಣಗಿದ ಮೇಲೆ ಹಿಡಿಯ ಬಾಗಿಗೆ ತಕ್ಕಂತೆ ಎಲ್ಲವನ್ನೂ ಒಟ್ಟಿಗೆ ಉಜ್ಜಿ, ದಪ್ಪ ಪುಡಿಯಿಂದ ಸಣ್ಣ ಪುಡಿಗೆ ಹಂತಹಂತವಾಗಿ ಇಳಿದು ಹೊಳಪು ತರಬೇಕು. ಇಷ್ಟರಲ್ಲಿ ಕಸುಬು ಎಲ್ಲಿದೆ ಎಂದು ಕೇಳಿದರೆ, ಸಂದಿನಲ್ಲಿದೆ ಎನ್ನುತ್ತೇನೆ.

ಕಲ್ಲಿನ ಬಣ್ಣ ಭೂಮಿ ಕೊಟ್ಟದ್ದು. ಸಂದು ಮನುಷ್ಯ ಮಾಡಿದ್ದು. ಎರಡು ಕಲ್ಲು ಕೂಡುವ ಗೆರೆ, ಕಲ್ಲು ಲೋಹಕ್ಕೆ ತಾಗುವ ಗೆರೆ, ಹಿಡಿ ಬೋಲ್‌ಸ್ಟರಿಗೆ ಸೇರುವ ಗೆರೆ. ಹತ್ತುಪಟ್ಟು ದೊಡ್ಡದು ಮಾಡುವ ಒಡವೆಗಾರರ ಭೂತಗನ್ನಡಿ ಹಿಡಿದು ಆ ಗೆರೆಯ ಮೇಲೆ ನಿಧಾನವಾಗಿ ಸಾಗಿ. ಅಂಚು ಅಂಚಿಗೆ ತಾಗಿದ್ದರೆ ಗೆರೆ ಒಂದೇ ಸಮನಾಗಿ, ಎಳೆಯಷ್ಟು ತೆಳ್ಳಗಿರುತ್ತದೆ. ಅಂಚು ಸರಿಯಾಗಿ ಕೂಡದೇ ಇದ್ದಾಗ ಅಂಟಿಗೆ ಕಪ್ಪು ಬಣ್ಣವನ್ನೋ ಅದೇ ಕಲ್ಲಿನ ಪುಡಿಯನ್ನೋ ಬೆರೆಸಿ ತುಂಬುತ್ತಾರೆ, ನೆಲದ ಟೈಲ್ಸ್ ನಡುವೆ ಬಿಳಿಸಿಮೆಂಟು ತುಂಬುವ ಹಾಗೆ. ದೂರದಿಂದ ಅದು ಗೊತ್ತಾಗುವುದಿಲ್ಲ, ಕಪ್ಪು ಗೆರೆ ವಿನ್ಯಾಸದ ಭಾಗದಂತೆಯೇ ಕಾಣುತ್ತದೆ. ಗಾಜಿನಡಿ ನೋಡಿದರೆ ಗೆರೆ ಒಂದು ಕಡೆ ಸಪೂರ, ಇನ್ನೊಂದು ಕಡೆ ದಪ್ಪ. ಅದರಲ್ಲೂ ಮೂರು ಗೆರೆಗಳು ಸೇರುವ ಮೂಲೆಯನ್ನು ಬಿಡದೆ ನೋಡಬೇಕು. ಎರಡು ತುಂಡುಗಳನ್ನು ಕೂಡಿಸುವುದು ಅಭ್ಯಾಸದಿಂದ ಬರುತ್ತದೆ, ಮೂರು ತುಂಡುಗಳು ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ಮಾಡಲು ಮೂರರ ಕೋನವೂ ಕರಾರುವಾಕ್ಕಾಗಿರಬೇಕು. ನಾನು ಒಂದೇ ಒಂದು ಜಾಗ ನೋಡಿ ತೀರ್ಪು ಹೇಳಬೇಕೆಂದಾದರೆ ಆ ಮೂಲೆಯನ್ನೇ ನೋಡುತ್ತೇನೆ.

ಲೋಹದ ಪಟ್ಟಿಯಲ್ಲೂ ಒಂದು ಗುಟ್ಟಿದೆ. ಎಲ್ಲ ಪಟ್ಟಿಗಳನ್ನೂ ಒಂದೇ ದಪ್ಪದ ತಗಡಿನಿಂದ ಕತ್ತರಿಸಿದ್ದರೂ ಮುಗಿದ ಹಿಡಿಯಲ್ಲಿ ಒಂದು ದಪ್ಪ, ಒಂದು ತೆಳು ಕಾಣುವುದುಂಟು. ಪಟ್ಟಿ ತಗ್ಗಿನೊಳಗೆ ನೆಟ್ಟಗೆ ನಿಲ್ಲದೆ ವಾಲಿದ್ದರೆ ಮೇಲ್ಮೈಯನ್ನು ಉಜ್ಜಿದಾಗ ಅದು ಅಗಲವಾಗಿ ತೆರೆದುಕೊಳ್ಳುತ್ತದೆ. ಬಾಗಿದ ಹಿಡಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಬಾಗಿನ ಇಳಿಜಾರಿನಲ್ಲಿ ನೇರ ಪಟ್ಟಿಯೂ ಓರೆಯಾಗಿ ಕೊಯ್ದಂತಾಗುತ್ತದೆ. ಅದನ್ನು ಮೊದಲೇ ಊಹಿಸಿ ಪಟ್ಟಿಯನ್ನು ಬಾಗಿಗೆ ತಕ್ಕ ಕೋನದಲ್ಲಿ ನಿಲ್ಲಿಸಿದವರ ಚಾಕುವಿನಲ್ಲಿ ಗೆರೆಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲದಲ್ಲಿ ಓಡುತ್ತವೆ. ಅಂಥ ಗೆರೆಯನ್ನು ಕಂಡಾಗ ಎದ್ದು ನಿಂತು ಕೈಮುಗಿಯಬೇಕೆನಿಸುತ್ತದೆ.

ಮಟ್ಟದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಟ್ಯೂಬ್‌ಲೈಟಿನ ಕೆಳಗೆ ನಿಂತು ಅದರ ಪ್ರತಿಬಿಂಬ ಹಿಡಿಯ ಮೇಲೆ ಬೀಳುವಂತೆ ಚಾಕುವನ್ನು ಹಿಡಿಯಿರಿ, ಮೆಲ್ಲಗೆ ಹೊರಳಿಸಿ. ಬೆಳಕಿನ ಗೆರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಡಿಯದೆ ಹರಿದರೆ ಮಟ್ಟ ಸರಿಯಿದೆ. ಸಂದಿನಲ್ಲಿ ಅದು ಮುರಿದರೆ ಅಥವಾ ನಡುಗಿದರೆ ಅಲ್ಲಿ ತಗ್ಗಿದೆ. ಉಗುರು ಎಳೆದರೂ ಅಲ್ಲಿ ತಡೆಯುತ್ತದೆ. ಇದು ಬರಿಯ ಅಸಡ್ಡೆಯಿಂದಾಗುವ ದೋಷವೆಂದು ತಿಳಿಯಬೇಡಿ, ಕಲ್ಲಿನ ಸ್ವಭಾವವೇ ಇದಕ್ಕೆ ಕಾರಣ. ಮೋಸ್ ಗಡಸುತನದ ಅಳತೆಯಲ್ಲಿ ಮ್ಯಾಲಕೈಟ್ 3.5ರಿಂದ 4, ಪಿರೋಜ 5ರಿಂದ 6, ಅಗೇಟ್ 6.5ರಿಂದ 7. ಅಕ್ಕಪಕ್ಕ ಕೂತ ಈ ಮೂವರನ್ನೂ ಒಂದೇ ಪುಡಿಯಿಂದ ಉಜ್ಜಿದರೆ ಮ್ಯಾಲಕೈಟ್ ಬೇಗ ಸವೆದು ಹಳ್ಳ ಬೀಳುತ್ತದೆ, ಅಗೇಟ್ ದಿಬ್ಬವಾಗಿ ಉಳಿಯುತ್ತದೆ. ಮೆತ್ತನೆಯ ಬಟ್ಟೆಯ ಚಕ್ರಕ್ಕೆ ಒತ್ತಿದಷ್ಟೂ ಹಳ್ಳ ಆಳವಾಗುತ್ತದೆ. ಗಟ್ಟಿ ತಳದ ಮೇಲೆ, ಹಗುರ ಒತ್ತಡದಲ್ಲಿ, ಹೆಚ್ಚು ಹೊತ್ತು ಕೂತು ಉಜ್ಜುವ ತಾಳ್ಮೆಯೇ ಇದಕ್ಕೆ ಮದ್ದು. ಲ್ಯಾಪಿಸ್ ಇನ್ನೂ ಹಟಮಾರಿ. ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಿಂದ ಸಾವಿರಾರು ವರ್ಷಗಳಿಂದ ಬರುತ್ತಿರುವ ಈ ಕಲ್ಲು ಒಂದೇ ಖನಿಜವಲ್ಲ. ಅದರೊಳಗಿನ ಹೊಂಬಣ್ಣದ ಚುಕ್ಕೆ ಪೈರೈಟ್, ಗಡಸು 6ರ ಮೇಲೆ. ಬಿಳಿಯ ಎಳೆ ಕ್ಯಾಲ್ಸೈಟ್, ಗಡಸು ಬರೀ 3. ಒಂದೇ ತುಂಡಿನೊಳಗೇ ದಿಬ್ಬವೂ ಹಳ್ಳವೂ ಆಗುವ ಈ ಕಲ್ಲನ್ನು ಕನ್ನಡಿಯಂತೆ ಹೊಳೆಸಿದವರ ಕೈ ಸಾಮಾನ್ಯದ್ದಲ್ಲ.

ಗಡಸು ಇದ್ದ ಮಾತ್ರಕ್ಕೆ ಕಲ್ಲು ಗಟ್ಟಿ ಎಂದಲ್ಲ. ಜೇಡ್‌ನ ಒಂದು ಬಗೆಯಾದ ನೆಫ್ರೈಟ್‌ನ ಗಡಸು 6ರಿಂದ 6.5, ಓಪಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ಆದರೆ ನೆಫ್ರೈಟ್‌ನೊಳಗೆ ಸೂಕ್ಷ್ಮ ನಾರುಗಳು ಹೆಣೆದುಕೊಂಡಿರುವುದರಿಂದ ಅದು ಏಟಿಗೆ ಸುಲಭವಾಗಿ ಒಡೆಯುವುದಿಲ್ಲ. ಶಿಲಾಯುಗದವರು ಅದರಲ್ಲಿ ಕೊಡಲಿ ಮಾಡಿದರು, ಮೊಗಲರ ಕಾಲದಲ್ಲಿ ಕಠಾರಿಯ ಹಿಡಿ ಮಾಡಿದರು. ಓಪಲ್ ತನ್ನೊಳಗೆ ನೀರು ಇಟ್ಟುಕೊಂಡಿರುವ ಕಲ್ಲು, ಒಣಗಿದರೆ ಬಿರಿಯುತ್ತದೆ, ತಟ್ಟಿದರೆ ಸೀಳುತ್ತದೆ. ಜೇಬಿನಲ್ಲಿ ಓಡಾಡಬೇಕಾದ ಚಾಕುವಿನ ತುದಿಯಲ್ಲಿ ಓಪಲ್ ಕೂರಿಸಿದವರು ಒಡವೆಯ ಲೆಕ್ಕ ಹಾಕಿದ್ದಾರೆಯೇ ಹೊರತು ಚಾಕುವಿನದ್ದಲ್ಲ. ಚಾಕು ಕೆಳಗೆ ಬಿದ್ದರೆ ಏಟು ಬೀಳುವುದು ಹೆಚ್ಚಾಗಿ ತುದಿಗೇ. ಬಕ್ ಕಂಪನಿ 1960ರ ದಶಕದಲ್ಲಿ ತಂದ 110 ಎಂಬ ಮಾದರಿಯ ಎರಡೂ ತುದಿಗೆ ದಪ್ಪ ಹಿತ್ತಾಳೆ ಕಟ್ಟುಗಳಿವೆ. ಕಲ್ಲು ಕೂರಿಸಲು ಅದು ಒದಗಿಬಂದದ್ದರಲ್ಲಿ ಆಶ್ಚರ್ಯವಿಲ್ಲ, ಲೋಹ ಏಟು ತಿನ್ನುತ್ತದೆ, ಕಲ್ಲು ಉಳಿಯುತ್ತದೆ.

ಬಿಸಿಲೂ ಚಳಿಯೂ ಬೇರೆ ಪರೀಕ್ಷೆ ಒಡ್ಡುತ್ತವೆ. ಹಿತ್ತಾಳೆ ಬಿಸಿಗೆ ಹಿಗ್ಗುವಷ್ಟು ಕಲ್ಲು ಹಿಗ್ಗುವುದಿಲ್ಲ. ಎರಡರ ನಡುವಿನ ತೆಳು ಅಂಟು ಆ ಜಗಳವನ್ನು ಸಹಿಸಬೇಕು. ಅಂಟಿಗೆ ಜಾಗವೇ ಇಲ್ಲದಂತೆ ಕಲ್ಲನ್ನು ಬಿಗಿದು ತುರುಕಿದರೆ ವರ್ಷ ಕಳೆಯುವುದರೊಳಗೆ ಬಿರುಕು ಬರಬಹುದು. ಟೈಟೇನಿಯಂ ಹಿತ್ತಾಳೆಯ ಅರ್ಧಕ್ಕಿಂತಲೂ ಕಡಿಮೆ ಹಿಗ್ಗುತ್ತದೆ, ಹಾಗಾಗಿ ಅದರ ಮೇಲೆ ಕೂತ ಕಲ್ಲಿಗೆ ನೆಮ್ಮದಿ ಹೆಚ್ಚು. ಯಾವ ಲೋಹದ ಮೇಲೆ ಯಾವ ಕಲ್ಲು ಎಂಬ ಆಯ್ಕೆಯಲ್ಲೇ ಮಾಡುವವರ ಅನುಭವ ತಿಳಿದುಬಿಡುತ್ತದೆ.

ಇಲ್ಲಿ ನಮ್ಮ ಬೀದರ್ ನೆನಪಾಗದೆ ಇರುವುದಿಲ್ಲ. ಬಿದ್ರಿ ಕೆಲಸವೂ ಹುದುಗಿಸುವ ಕಲೆಯೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ತೋಡಿ, ಆ ಗೆರೆಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಬೆಳ್ಳಿ ಮೆತ್ತಗಿರುವುದರಿಂದ ಸುತ್ತಿಗೆಯ ಏಟಿಗೆ ಹರಡಿ ತೋಡಿನ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ, ಅಂಟಿನ ಹಂಗಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಹಚ್ಚಿದಾಗ ಪಾತ್ರೆ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಲ್ಲಿಗೆ ಈ ಅನುಕೂಲವಿಲ್ಲ. ಅದನ್ನು ಬಡಿಯುವಂತಿಲ್ಲ, ಅದು ಹರಡಿ ತನ್ನ ತಪ್ಪು ತಾನೇ ಮುಚ್ಚಿಕೊಳ್ಳುವುದಿಲ್ಲ. ತಗ್ಗಿಗೆ ಇಳಿಸುವ ಮೊದಲೇ ಅಳತೆ ಪೂರ್ತಿ ಸರಿ ಇರಬೇಕು. ಬಿದ್ರಿಯಲ್ಲಿ ಬೆಳ್ಳಿ ಕರಿಮೈಯಿಂದ ಎದ್ದು ಬಾರದೆ, ಉಗುರಿಗೆ ತಡೆಯದೆ ಕೂತಿರುವುದನ್ನು ಕಂಡು ಮೆಚ್ಚಿದ ಕನ್ನಡಿಗರಿಗೆ ಝೂನಿ ಕೆಲಸದ ಸೊಗಸು ತಿಳಿಯುವುದು ಕಷ್ಟವಾಗಲಾರದು.

ಕಲ್ಲಿನ ವಿಷಯದಲ್ಲಿ ಮೋಸವೂ ಇದೆ. ಪಿರೋಜ ಸರಂಧ್ರ ಕಲ್ಲು. ಕೈಯ ಎಣ್ಣೆ, ಬೆವರು ಹೀರಿ ಕ್ರಮೇಣ ಹಸಿರಿಗೆ ತಿರುಗುತ್ತದೆ. ಅದಕ್ಕಾಗಿ ಮೆತ್ತನೆಯ ಕಲ್ಲಿಗೆ ಒತ್ತಡದಲ್ಲಿ ರಾಳ ತುಂಬಿ ಗಟ್ಟಿಮಾಡುತ್ತಾರೆ. ಚಾಕುವಿನ ಹಿಡಿಗೆ ಇದು ತಪ್ಪಲ್ಲ, ಎಷ್ಟೋ ಸಲ ಇದೇ ಒಳ್ಳೆಯದು. ಕಲ್ಲುಪುಡಿಗೆ ರಾಳ ಕಲಸಿ ಇಟ್ಟಿಗೆಯಂತೆ ಒತ್ತಿದ್ದು ಇನ್ನೊಂದು ಬಗೆ. ಪಿರೋಜದ ಲೇಶವೂ ಇಲ್ಲದೆ ಬಣ್ಣ ಹಾಕಿದ ಪ್ಲಾಸ್ಟಿಕ್ಕು ಮತ್ತೊಂದು ಬಗೆ. ಬಿಳಿಯ ಹೌಲೈಟ್ ಕಲ್ಲಿಗೆ ನೀಲಿ ಬಣ್ಣ ಕುಡಿಸಿ ಮಾರುವವರೂ ಇದ್ದಾರೆ. ಅರಿಝೋನಾದ ಗ್ಲೋಬ್ ಊರಿನ ಸ್ಲೀಪಿಂಗ್ ಬ್ಯೂಟಿ ಗಣಿ ಕಲೆಯಿಲ್ಲದ ಶುದ್ಧ ನೀಲಿಗೆ ಹೆಸರಾಗಿತ್ತು. 2012ರಲ್ಲಿ ಅಲ್ಲಿ ಪಿರೋಜ ತೆಗೆಯುವುದು ನಿಂತಿತು, ಆಮೇಲೆ ಆ ಹೆಸರಿಗೆ ಬೆಲೆ ಏರಿತು. ಬೆಲೆ ಏರಿದ ಕಡೆ ಸುಳ್ಳು ಹೆಸರು ಬರುವುದು ತಡವಾಗುವುದಿಲ್ಲ. ಹಿಡಿಯ ಎರಡೂ ಬದಿಯ ಹತ್ತಾರು ತುಂಡುಗಳಲ್ಲಿ ಛಾಯೆಯ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಒಂದೇ ನೀಲಿ ಕಂಡರೆ ಅನುಮಾನ ಪಡುವುದು ನ್ಯಾಯ.

ಇನ್ನೊಂದು ಸುಳ್ಳು ಕೈಯ ಹೆಸರಿನದ್ದು. ಎಲ್ಲೋ ಕಾರ್ಖಾನೆಯಲ್ಲಿ ಮಾಡಿದ್ದಕ್ಕೆ ನವಾಹೋ, ಝೂನಿ ಎಂಬ ಹೆಸರು ಅಂಟಿಸಿ ಮಾರುವುದನ್ನು ತಡೆಯಲು ಅಮೆರಿಕದಲ್ಲಿ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ಇದೆ. ಮೊದಲ ತಪ್ಪಿಗೇ ಐದು ವರ್ಷದವರೆಗೆ ಜೈಲು ಅಥವಾ 2,50,000 ಡಾಲರ್‌ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಇಷ್ಟು ಕಟ್ಟುನಿಟ್ಟಿನ ಕಾನೂನು ಬೇಕಾಗಿ ಬಂತೆಂದರೆ ಈ ಕಸುಬಿನವರ ಅನ್ನಕ್ಕೆ ಬಿದ್ದ ಪೆಟ್ಟು ಸಣ್ಣದಲ್ಲ. ಯಾರೂ ಮುಚ್ಚಿಡಬೇಕಾಗಿಲ್ಲದ ವಿಷಯವೂ ಒಂದಿದೆ: ಕಲ್ಲು ಕೂರಿಸಿದ ಎಷ್ಟೋ ಚಾಕುಗಳಲ್ಲಿ ಎರಡು ಕೈಗಳ ಕೆಲಸವಿರುತ್ತದೆ. ಅಲಗು, ಬೀಗ ಒಬ್ಬರದು, ಕಲ್ಲು ಇನ್ನೊಬ್ಬರದು. ಎರಡೂ ಹೆಸರುಗಳನ್ನು ಹೇಳಿ ಮಾರುವ ಅಂಗಡಿಯನ್ನು ನಾನು ಗೌರವಿಸುತ್ತೇನೆ.

ಹೋಪಿ ಕುಲದ ಒಡವೆಗಾರ ಚಾರ್ಲ್ಸ್ ಲೊಲೋಮಾ, 1991ರಲ್ಲಿ ತೀರಿಕೊಂಡವರು, ಕಡಗ ಮತ್ತು ಉಂಗುರಗಳ ಹೊರಗೆ ಮಾತ್ರವಲ್ಲದೆ ಒಳಮೈಗೂ ಕಲ್ಲು ಕೂರಿಸುತ್ತಿದ್ದರು. ತೊಟ್ಟವರ ಚರ್ಮಕ್ಕೆ ತಾಗಿರುವ ಆ ಕಲ್ಲು ನೋಡುವವರಿಗೆ ಕಾಣುವುದಿಲ್ಲ, ತೊಟ್ಟವರಿಗೆ ಮಾತ್ರ ಗೊತ್ತು. ಒಳ್ಳೆಯ ಚಾಕುಗಾರರಲ್ಲೂ ಇಂಥ ರೂಢಿ ಉಂಟು. ಮಡಚಿದ ಚಾಕುವಿನ ಒಳತಗಡಿನ ಅಂಚಿಗೆ, ಸ್ಪ್ರಿಂಗಿನ ಬೆನ್ನಿಗೆ ಅರದಿಂದ ಬಳ್ಳಿಯ ಚಿತ್ತಾರ ಕೊರೆಯುತ್ತಾರೆ. ಬೀಗದ ಎಲೆಯ ಒಳಮೈಗೂ ಹೊಳಪು ಕೊಟ್ಟಿರುತ್ತಾರೆ. ಹಾಗಾಗಿ ಬಿಚ್ಚಿದ ಚಾಕುವನ್ನು ತಲೆಕೆಳಗಾಗಿಸಿ ಒಳಗಿನ ಸಂದಿಗೆ ಬೆಳಕು ಬಿಟ್ಟು ನೋಡಬೇಕು. ಹೊರಗೆ ಹೊಳಪು, ಒಳಗೆ ಉಜ್ಜಿ ಬಿಟ್ಟ ಗೀರು, ಉಕ್ಕಿ ಒಣಗಿದ ಅಂಟು ಇದ್ದರೆ ಆ ಚಾಕು ಕೊಳ್ಳುವವರ ಕಣ್ಣಿಗಾಗಿ ಮಾಡಿದ್ದು.

ಅತಿಯಾದ ಅಲಂಕಾರದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಒಂದು ಹಿಡಿಯಲ್ಲಿ ಏಳೆಂಟು ಬಗೆಯ ಕಲ್ಲು, ಮೇಲೆ ಕೆತ್ತನೆ, ಅಲಗಿನಲ್ಲಿ ಡಮಾಸ್ಕಸ್ ಅಲೆ, ಬೋಲ್‌ಸ್ಟರಿಗೆ ಇನ್ನೊಂದು ಅಲೆ. ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಕೌಶಲವೆಲ್ಲ ಅಲ್ಲಿರಬಹುದು, ಚಾಕು ಮಾತ್ರ ಮಾಯವಾಗಿರುತ್ತದೆ. ಕಲ್ಲು ಭಾರ, ಅದು ಹೆಚ್ಚಾದಷ್ಟೂ ತೂಕ ಹಿಡಿಯ ಕಡೆಗೆ ಎಳೆಯುತ್ತದೆ. ಹೊಳಪಿನ ಕಲ್ಲು ಒದ್ದೆ ಕೈಗೆ ಜಾರುತ್ತದೆ. ಎರಡು ಬಗೆಯ ಕಲ್ಲು, ನಡುವೆ ಒಂದೇ ಅಗಲದ ಬೆಳ್ಳಿಗೆರೆ, ಬೆರಳು ಊರುವ ಕಡೆ ಬರಿಯ ಲೋಹ ಬಿಟ್ಟ ಚಾಕು ಇದಕ್ಕಿಂತ ಎಷ್ಟೋ ಮೇಲು. ಪಿರೋಜದೊಳಗೆ ಓಡುವ ಕಂದು ನರಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ಮುಂದುವರಿಯುವಂತೆ ಒಂದೇ ಹಲಗೆಯಿಂದ ಕೊಯ್ದು ಜೋಡಿಸಿದ್ದರೆ ಕಲ್ಲಿಗೆ ಮರ್ಯಾದೆ ಕೊಟ್ಟ ಹಾಗೆ.

ಬೆಲೆ ಕಟ್ಟುವಾಗ ಮರೆಯಬಾರದ ಮಾತು ಒಂದಿದೆ. ಅಗೇಟ್, ಜ್ಯಾಸ್ಪರ್‌ನಂಥ ಸಿಲಿಕಾ ಕಲ್ಲುಗಳ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವ ಕುಟುಂಬಗಳು ಸಿಲಿಕೋಸಿಸ್‌ನಿಂದ ಅನುಭವಿಸಿದ ಸಂಕಟ ದಾಖಲಾಗಿದೆ. ನೀರು ಹರಿಸಿ ಕೊಯ್ಯುವುದು, ಧೂಳು ಎಳೆಯುವ ಯಂತ್ರ, ಮುಖಕ್ಕೆ ಸರಿಯಾದ ಮಾಸ್ಕು, ಇವುಗಳಿಗೆ ಹಣ ಬೇಕು. ತೀರ ಅಗ್ಗದ ಕಲ್ಲಿನ ಹಿಡಿ ಕಂಡಾಗ ಆ ಹಣವನ್ನು ಯಾರ ಎದೆಯಿಂದ ಉಳಿಸಿದರು ಎಂದು ಯೋಚಿಸಬೇಕು.

ಇಷ್ಟು ಬೆಲೆಯ ಚಾಕುವನ್ನು ಬಳಸಬೇಕೇ, ಗಾಜಿನ ಕಪಾಟಿನಲ್ಲಿಡಬೇಕೇ ಎಂಬ ವಾದ ಸಂಗ್ರಹಕಾರರಲ್ಲಿ ಮುಗಿಯುವುದೇ ಇಲ್ಲ. ಕೊಡವರನ್ನು ನೋಡಿ. ಅವರ ಪೀಚೆಕತ್ತಿಗೆ ಬೆಳ್ಳಿ, ಬಂಗಾರದ ಕೆಲಸವಿರುತ್ತದೆ, ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ನಡುಪಟ್ಟಿ ಸುತ್ತಿ ಅದನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಮದುವೆಯಲ್ಲಿ ಬಾಳೆ ಕಡಿಯುವ ಹೊತ್ತಿಗೆ ಒಡಿಕತ್ತಿ ಎಂಬ ಅಗಲ ಅಲಗಿನ ಕತ್ತಿ ಬೀಸಿದರೆ ದಿಂಡು ಒಂದೇ ಏಟಿಗೆ ತುಂಡಾಗಬೇಕು. ಮದುವೆಯ ಸಂಭ್ರಮದ ನಡುವೆಯೂ ಕತ್ತಿಯ ಕೆಲಸಕ್ಕೆ ರಿಯಾಯಿತಿ ಇಲ್ಲ. ಕಲ್ಲು ಕೂರಿಸಿದ ಚಾಕುವಿನಿಂದ ಮರ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಒಂದು ಸೇಬು ಹೆಚ್ಚಲು, ಒಂದು ಕಾಗದ ಸೀಳಲು, ದಾರ ಕತ್ತರಿಸಲು ಅದು ತಯಾರಿರಬೇಕು, ಮಾಡಿದವರೂ ಅದಕ್ಕೆ ಅಂಜಬಾರದು.

ಇಂಥದೊಂದು ಚಾಕು ಕೊಳ್ಳುವ ಯೋಗ ನಿಮಗೆ ಬಂದರೆ, ಅಮೆರಿಕದಲ್ಲಿರುವ ಮಗನೋ ಮಗಳೋ ಉಡುಗೊರೆಗೆಂದು ಹುಡುಕುತ್ತಿದ್ದರೆ, ದುಡ್ಡು ಕೊಡುವ ಮೊದಲು ಇಷ್ಟನ್ನು ಕೇಳಿ: ಅಲಗು ಯಾವ ಉಕ್ಕಿನದು, ಹದ ಕೊಟ್ಟವರು ಯಾರು, ಕಲ್ಲು ಯಾವ ಗಣಿಯದು, ರಾಳ ತುಂಬಿದ್ದೋ ಹಾಗೇ ಇರುವುದೋ, ಕೂರಿಸಿದವರ ಹೆಸರೇನು, ಕಲ್ಲು ಸಡಿಲವಾದರೆ ಸರಿಮಾಡಿ ಕೊಡುವವರು ಯಾರು. ಸಿಕ್ಕ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಚಾಕುವನ್ನು ಮೇಜಿನ ಮೇಲೆ ಹಿಂದಕ್ಕಿಟ್ಟು ಮುಂದಿನ ಮೇಜಿಗೆ ಹೋಗಿ.